ಟಿವಿ ಅಗಲವಾದರೆ ಅಣ್ಣಾವ್ರೇಕೆ ದಪ್ಪಗಾಗಬೇಕು?

ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಅಪಾರ್ಟ್‌ಮೆಂಟುಗಳ ಹಾಲ್‌ಗಳಲ್ಲಿ ಈಗ ಅರ್ಧ ಗೋಡೆ ನುಂಗುವ ಟಿವಿಗಳದೇ ಕಾರುಬಾರು. ಅದರಲ್ಲಿ 1971ರ ‘ಕಸ್ತೂರಿ ನಿವಾಸ’ದಂಥ ಕಪ್ಪು-ಬಿಳುಪು ಚಿತ್ರ ಹಾಕಿದರೆ ಎಡಬಲದಲ್ಲಿ ಎರಡು ಕಪ್ಪು ಪಟ್ಟಿಗಳು ಕಾಣಿಸುತ್ತವೆ. ಅಷ್ಟು ದುಡ್ಡು ಸುರಿದು ತಂದ ಪರದೆಯ ಕಾಲು ಭಾಗ ಖಾಲಿ ಬಿಡುವುದೇ ಎಂದು ಕೈ ತಾನಾಗಿ ರಿಮೋಟಿಗೆ ಹೋಗುತ್ತದೆ. ಒಂದು ಗುಂಡಿ ಒತ್ತಿದರೆ ಚಿತ್ರ ಅಡ್ಡಕ್ಕೆ ಹಿಗ್ಗಿ, ರಾಜ್‌ಕುಮಾರ್ ಮೂರನೇ ಒಂದು ಪಾಲು ದಪ್ಪಗಾಗುತ್ತಾರೆ. ಇನ್ನೊಂದು ಒತ್ತಿದರೆ ಮೈಕಟ್ಟು ಸರಿಹೋಗುತ್ತದೆ, ಆದರೆ ಮೇಲೂ ಕೆಳಗೂ ಸೇರಿ ಚಿತ್ರದ ಕಾಲು ಭಾಗ ಕತ್ತರಿಗೆ ಬೀಳುತ್ತದೆ. ಎರಡೂ ತಪ್ಪು. ಹಳೆಯ ಚಿತ್ರವೊಂದನ್ನು ಮನೆಯಲ್ಲಿ ಯಾವ ಅಳತೆಯಲ್ಲಿ ನೋಡಬೇಕೆಂಬುದು ಚಿತ್ರೀಕರಣದ ದಿನವೇ, ಛಾಯಾಗ್ರಾಹಕ ಕ್ಯಾಮೆರಾದೊಳಗೆ ಚೌಕಟ್ಟು ಕಟ್ಟಿದಾಗಲೇ, ತೀರ್ಮಾನವಾಗಿರುತ್ತದೆ.

ಅಗಲಕ್ಕೂ ಎತ್ತರಕ್ಕೂ ಇರುವ ಈ ಲೆಕ್ಕವೇ ಆಸ್ಪೆಕ್ಟ್ ರೇಷಿಯೋ. ಟಾಕಿ ಬಂದ ಮೇಲೆ ದಶಕಗಳ ಕಾಲ ನಡೆದದ್ದು ಎತ್ತರ 1 ಇದ್ದರೆ ಅಗಲ 1.37 ಎಂಬ ಅಳತೆ. ಟಿವಿ ಹುಟ್ಟಿದಾಗ ಹೆಚ್ಚುಕಡಿಮೆ ಅದೇ ಆಕಾರವನ್ನು, ಅಂದರೆ 4:3 ಅನ್ನು, ಕಡ ತಂದುಕೊಂಡಿತು. ಪೀಣ್ಯದ ಮಗ್ಗುಲಿನ ಜಾಲಹಳ್ಳಿಯ ಬಿಇಎಲ್ ಕಪ್ಪು-ಬಿಳುಪು ಟಿವಿಗಳಿಗಾಗಿ ಪಿಕ್ಚರ್ ಟ್ಯೂಬು ತಯಾರಿಸುತ್ತಿದ್ದ ಕಾಲದ ಆಕಾರವೂ ಅದೇ. ಹಾಗಾಗಿ 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದ ಮೇಲೆ ಹಳೆಯ ಕನ್ನಡ ಚಿತ್ರಗಳು ಆ ಪೆಟ್ಟಿಗೆಯೊಳಗೆ ತಕರಾರಿಲ್ಲದೆ ಕೂತವು. ಇಂದಿನ 16:9 ಹುಟ್ಟಿದ್ದು ಬೇರೆ ರೀತಿ. 1980ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್, ಚಾಲ್ತಿಯಲ್ಲಿದ್ದ ಆಕಾರಗಳನ್ನೆಲ್ಲ ಒಂದರ ಮೇಲೊಂದಿಟ್ಟು ನೋಡಿ ಕಂಡುಕೊಂಡ ನಡುದಾರಿ ಅದು. ಕಿರಿದು, ಅಗಲ ಎರಡೂ ಹಿಡಿಸಲಿ ಎಂದು ಮಾಡಿದ ಪಾತ್ರೆ. ಎಲ್ಲ ಅಡುಗೆಗೂ ಆಗುವ ಪಾತ್ರೆಯನ್ನು ಪ್ರತಿ ಸಲವೂ ಕಂಠದವರೆಗೆ ತುಂಬಲೇಬೇಕೆಂಬ ಕಟ್ಟಳೆ ಎಲ್ಲಿಯದು?

ಕಿರಿದಾದ ಚೌಕಟ್ಟು ಬಡ ಕಾಲದ ಗುರುತು, ಸೌಕರ್ಯವಿದ್ದಿದ್ದರೆ ಅವರೂ ಅಗಲಕ್ಕೇ ತೆಗೆಯುತ್ತಿದ್ದರು ಎನ್ನುವವರಿದ್ದಾರೆ. ಅವರು ಮೈಸೂರಿನ ವಿ.ಕೆ. ಮೂರ್ತಿಯವರ ಕೆಲಸ ನೋಡಬೇಕು. ಗುರುದತ್ತರ ‘ಪ್ಯಾಸಾ’ವನ್ನು 1957ರಲ್ಲಿ ಹಳೆಯ ಅಳತೆಯಲ್ಲಿ ತೆಗೆದ ಮೂರ್ತಿ, ಎರಡೇ ವರ್ಷದಲ್ಲಿ ‘ಕಾಗಜ್ ಕೆ ಫೂಲ್’ ಮೂಲಕ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರದ ಛಾಯಾಗ್ರಾಹಕರಾದರು. ಕತ್ತಲ ಸ್ಟುಡಿಯೋದಲ್ಲಿ ಮೇಲಿಂದಿಳಿಯುವ ಬೆಳಕಿನ ಕೋಲು, ದೂರ ದೂರ ನಿಂತ ಇಬ್ಬರು. ಆ ದೃಶ್ಯದ ಜೀವವಿರುವುದೇ ಇಬ್ಬರ ನಡುವಿನ ಖಾಲಿ ಜಾಗದಲ್ಲಿ. ಅಂಥ ಅಗಲವನ್ನು ಕೈವಶ ಮಾಡಿಕೊಂಡವರೇ 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ಗೆ ಹಳೆಯ ಚೌಕಟ್ಟಿಗೆ ಮರಳಿದರು. ಕನ್ನಡಕ್ಕೆ ಸಿನಿಮಾಸ್ಕೋಪ್ ತಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’. 2.35ರ ಅಗಲದ ಇಂಥ ಚಿತ್ರಗಳಿಂದ 4:3ರ ಟಿವಿಯನ್ನು ತುಂಬಿಸಬೇಕೆಂದರೆ ಶೇ 43ರಷ್ಟು ಅಗಲವನ್ನೇ ಕೈಬಿಡಬೇಕಿತ್ತು. ಆಗ ಅಗಲದವರಿಗೆ ಆದ ಅನ್ಯಾಯವೇ ಈಗ ತಿರುಗಿ ಕಿರಿದಾದವರ ಪಾಲಿಗೆ ಬಂದಿದೆ, ಅಷ್ಟೇ.

ಚಿತ್ರದ ಹಕ್ಕುದಾರರೇ ಅಗಲ ಮಾಡಿದರೆ ನಮ್ಮದೇನು ತಕರಾರು ಎಂಬ ಪ್ರಶ್ನೆಗೆ ತೂಕವಿದೆ. 1957ರ ತೆಲುಗಿನ ‘ಮಾಯಾಬಜಾರ್’ 2010ರಲ್ಲಿ ಬಣ್ಣ ಬಳಿದುಕೊಂಡು ಸ್ಕೋಪ್ ಅಳತೆಯಲ್ಲಿ ಮತ್ತೆ ಬಂತು. ಹಾಗೆ ಅಗಲವಾಗಿಸಲು ಎತ್ತರದಲ್ಲಿ ಶೇ 40ಕ್ಕೂ ಹೆಚ್ಚು ಭಾಗ ಹೊರಗುಳಿಯಲೇಬೇಕು. ಲೆಕ್ಕ ಯಾರ ಮುಲಾಜಿಗೂ ಬಗ್ಗುವುದಿಲ್ಲ. ಅದನ್ನು ಹೊಸ ಆವೃತ್ತಿ ಎಂದು ಸಂತೋಷದಿಂದ ನೋಡಬಹುದು, ಮೂಲ ಎನ್ನಲಾಗದು. ಹಾಗಾದರೆ ನೆಗೆಟಿವ್‌ನಲ್ಲಿ ಇರುವುದನ್ನೆಲ್ಲ ತೋರಿಸಿಬಿಟ್ಟರೆ ಸರಿಯೇ? ಅದೂ ಅಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ (1975) ಇದಕ್ಕೆ ಸಾಕ್ಷಿ. ಕ್ಯಾಮೆರಾ 35 ಎಂಎಂ. ಆದರೆ ಚಿತ್ರತಂಡ 70 ಎಂಎಂ ತೆರೆಯ ಗಡಿಯನ್ನು ಗುರುತು ಮಾಡಿಕೊಂಡೇ ಚಿತ್ರೀಕರಿಸಿ, ಆಮೇಲೆ ಮೇಲೆ ಕೆಳಗೆ ತೆಗೆದು ಹಿಗ್ಗಿಸಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುಜ್ಜೀವನಗೊಳಿಸಿ 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದ ಪ್ರತಿಯೂ 70 ಎಂಎಂನ ಆ 2.2ರ ಅಳತೆಯದೇ. ‘ಮಾಯಾಬಜಾರ್’ನಲ್ಲಿ ಕತ್ತರಿ ಆಡಿದ್ದು ಐವತ್ತು ವರ್ಷ ಕಳೆದ ಮೇಲೆ, ‘ಶೋಲೆ’ಯಲ್ಲಿ ಅದು ಮೊದಲೇ ಮನಸ್ಸಿನಲ್ಲಿತ್ತು. ಎರಡಕ್ಕೂ ಇರುವ ವ್ಯತ್ಯಾಸ ಇದೇ.

ಇನ್ನು ಮನೆಯ ಮಾತು. ವಿಸಿಡಿ ಕಾಲದ ಪ್ರತಿಗಳೇ ಹಿಗ್ಗಿಕೊಂಡೋ ಕತ್ತರಿಸಿಕೊಂಡೋ ಅಂತರ್ಜಾಲಕ್ಕೆ ಏರಿರುವುದುಂಟು. ಹಿಗ್ಗಿದ್ದಕ್ಕೆ ಮದ್ದಿದೆ: ಟಿವಿಯನ್ನು 4:3ಕ್ಕೆ ಹಾಕಿದರೆ ಮುಖಗಳು ಮತ್ತೆ ಮುಖಗಳಾಗುತ್ತವೆ. ಕತ್ತರಿಸಿದ್ದಕ್ಕೆ ಮದ್ದಿಲ್ಲ, ಹೋದ ತಲೆ ಹೋದದ್ದೇ, ಬೇರೆ ಪ್ರತಿ ಹುಡುಕಬೇಕು. ಕಪ್ಪು ಪಟ್ಟಿ ಪರದೆಯ ಮೇಲೆ ಅಚ್ಚೊತ್ತಿಬಿಡುತ್ತದೆ ಎಂಬ ಭಯ ಕೆಲವು ಬಗೆಯ ಟಿವಿಗಳ ಮಟ್ಟಿಗೆ ಸುಳ್ಳಲ್ಲವಾದರೂ, ವಾರಕ್ಕೊಂದು ಸಿನಿಮಾದಿಂದ ಅಂಥದ್ದೇನೂ ಆಗದು. ದಿನವಿಡೀ ಒಂದೇ ಮೂಲೆಯಲ್ಲಿ ಕೂರುವ ನ್ಯೂಸ್ ಚಾನೆಲ್ಲಿನ ಲಾಂಛನವೇ ಹೆಚ್ಚು ಅಪಾಯ. ಅಳತೆ ಸರಿಯಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಮುಂದಿನ ಸಲ ಹಳೆಯ ಚಿತ್ರ ಹಾಕಿದಾಗ ಗಾಡಿಯ ಚಕ್ರವನ್ನೋ ನಾಯಕಿಯ ಹಣೆಯ ಬೊಟ್ಟನ್ನೋ ಒಮ್ಮೆ ಗಮನಿಸಿ. ಅದು ದುಂಡಗಿಲ್ಲದಿದ್ದರೆ ರಿಮೋಟ್ ಕೈಗೆತ್ತಿಕೊಳ್ಳಿ.