ಎರೆಯ ಹಾದಿಗೆ ಎಣ್ಣೆಯ ಬ್ರೇಕು

ಬೆಳಗಾವಿಯಿಂದ ಬಾಗಲಕೋಟೆಯತ್ತ ಸಾಗುವ ಹೆದ್ದಾರಿಯಲ್ಲಿ ಬೈಲಹೊಂಗಲ ತಾಲ್ಲೂಕಿನ ನೇಸರಗಿ ಸಿಗುತ್ತದೆ. ಸುತ್ತಲಿನದು ಎರೆಮಣ್ಣಿನ ಸೀಮೆ. ಹತ್ತಿಗೂ ಜೋಳಕ್ಕೂ ತಾಯಿಯಂತಿರುವ ಈ ಮಣ್ಣು ಸೈಕಲ್ ಸವಾರನಿಗೆ ಮಾತ್ರ ಮಲತಾಯಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುವ ಅದು, ಒಂದು ಹದ ಮಳೆ ಬಿದ್ದೊಡನೆ ಅಂಟಾಗಿ ಗಾಲಿಯನ್ನು ಅಪ್ಪಿಕೊಳ್ಳುತ್ತದೆ. ಡಾಂಬರು ಬಿಟ್ಟು ಹೊಲದ ಹಾದಿ ಹಿಡಿದವನಿಗೆ, ಬ್ರೇಕು ಹಿಡಿಯುವುದೋ ಇಲ್ಲವೋ ಎಂಬುದೇ ಆಗ ಮುಖ್ಯ ಪ್ರಶ್ನೆ.

ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಮೌಂಟನ್ ಬೈಕು ಇಂದು ಎಷ್ಟೋ ಮನೆಗಳ ಮೂಲೆಯಲ್ಲಿದೆ. ಚೌಕಟ್ಟು ಗಟ್ಟಿ, ಆದರೆ ಬ್ರೇಕೆಂದರೆ ಗಾಲಿಯ ರಿಮ್ಮನ್ನು ಎರಡು ಬದಿಯಿಂದ ಒತ್ತುವ ರಬ್ಬರಿನ ತುಂಡುಗಳು ಮಾತ್ರ. ರಿಮ್ಮು ನೆಲಕ್ಕೆ ಸಮೀಪವಾದ್ದರಿಂದ ಕೆಸರೆಲ್ಲ ಅದಕ್ಕೇ ಮೆತ್ತುತ್ತದೆ. ಒದ್ದೆಯಾದಾಗ ರಬ್ಬರು ಜಾರುತ್ತದೆ. ಮರಳು ಸಿಕ್ಕಿದಾಗ ರಿಮ್ಮೇ ಸವೆಯುತ್ತದೆ. “ಇದಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕು ಹಾಕಿಸಿಕೊಡಿ, ಅಪ್ಪಾ” ಎಂದು ಮಗ ಕೇಳಿದರೆ ತಂದೆಯಾದವನು ಏನೆನ್ನಬೇಕು?

ಹೊಗೆಯಾಡಿದ ಬ್ರೇಕು

ಈ ಬಗೆಯ ಸೈಕಲ್ಲಿನ ಚರಿತ್ರೆಯಲ್ಲಿ ಬ್ರೇಕಿನ ಚಿಂತೆ ಮೊದಲಿನಿಂದಲೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫೇರ್‌ಫ್ಯಾಕ್ಸ್ ಊರಿನ ಬಳಿ, ಕೆಲವು ತರುಣರು ಹಳೆಯ ದಪ್ಪಗಾಲಿಯ ಸೈಕಲ್ಲುಗಳನ್ನೇರಿ ಗುಡ್ಡದಿಂದ ಇಳಿಯುವ ಪಂದ್ಯವನ್ನು 1976ರ ಅಕ್ಟೋಬರಿನಲ್ಲಿ ಆರಂಭಿಸಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಗಾಲಿಯ ಹಬ್ಬಿನೊಳಗೇ ಹಿಡಿಯುವ ಬ್ರೇಕು ಅವುಗಳದು. ಇಳಿಜಾರಿನ ಕೊನೆ ಮುಟ್ಟುವಷ್ಟರಲ್ಲಿ ಒಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು; ಮತ್ತೆ ಹೊಸದಾಗಿ ತುಂಬಬೇಕಾಗುತ್ತಿತ್ತು. ಹೀಗೆ ತುಂಬುವ ಕೆಲಸದಿಂದಲೇ ಆ ಪಂದ್ಯಕ್ಕೆ ‘ರಿಪ್ಯಾಕ್’ ಎಂಬ ಹೆಸರು ನಿಂತಿತು.

ಈ ಉಷ್ಣದ ಲೆಕ್ಕ ಸುಲಭ. ಸವಾರನೂ ಸೈಕಲ್ಲೂ ಸೇರಿ 80 ಕಿಲೊ ತೂಗುತ್ತಾರೆಂದೂ, 100 ಮೀಟರು ಎತ್ತರದಿಂದ ಇಳಿದು ನಿಲ್ಲುತ್ತಾರೆಂದೂ ಭಾವಿಸೋಣ. ಆಗ ಬಿಡುಗಡೆಯಾಗುವ ಶಕ್ತಿಯು ಒಂದು ಲೀಟರು ನೀರನ್ನು ಸುಮಾರು 19 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬೆಚ್ಚಗಾಗಿಸಬಲ್ಲದು. ಅದರ ಬಹುಭಾಗವನ್ನು ಬ್ರೇಕೇ ನುಂಗಿ ಗಾಳಿಗೆ ಬಿಡಬೇಕು.

ಎಣ್ಣೆಯ ಮಹಿಮೆ

ಡಿಸ್ಕ್ ಬ್ರೇಕಿನಲ್ಲಿ ಗಾಲಿಯ ನಡುವೆ, ಕೆಸರಿನಿಂದ ದೂರವಾಗಿ, ಉಕ್ಕಿನ ತೆಳು ತಟ್ಟೆಯೊಂದು ತಿರುಗುತ್ತದೆ. ಕ್ಯಾಲಿಪರಿನ ಎರಡು ಪ್ಯಾಡುಗಳು ಅದನ್ನು ಹಿಡಿಯುತ್ತವೆ. ಕೈಹಿಡಿಯಿಂದ ಅಲ್ಲಿಗೆ ಒತ್ತಡವನ್ನು ಒಯ್ಯುವುದು ವಯರಾದರೆ ಅದು ಮೆಕ್ಯಾನಿಕಲ್. ಕೊಳವೆಯಲ್ಲಿ ತುಂಬಿದ ದ್ರವವಾದರೆ ಹೈಡ್ರಾಲಿಕ್. ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುವುದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ತೋರಿಸಿಕೊಟ್ಟ ತತ್ತ್ವವೇ ಇದಕ್ಕೆ ಆಧಾರ. ಕೈಬಳಿ ಸಣ್ಣ ಪಿಸ್ಟನ್, ಗಾಲಿಯ ಬಳಿ ದೊಡ್ಡದು. ಆದಕಾರಣ ಒಂದೇ ಬೆರಳಿನ ಬಲವೂ ಸಾಕಾಗುತ್ತದೆ. ಧೂಳು ಹೊಕ್ಕು ವಯರು ಬಿಗಿಯುವ ಕಾಟವೂ ಇಲ್ಲ.

ಮೊದಲು ನೋಡಬೇಕಾದದ್ದು

ಆದರೆ ಹಳೆಯ ಸೈಕಲ್ಲು ಇದನ್ನು ಹೊರಬಲ್ಲುದೇ? ಮೂರು ಸಂಗತಿಗಳನ್ನು ಪರೀಕ್ಷಿಸಬೇಕು. ಮೊದಲನೆಯದಾಗಿ, ಮುಂದಿನ ಫೋರ್ಕಿನಲ್ಲಿಯೂ ಹಿಂದಿನ ಚೌಕಟ್ಟಿನಲ್ಲಿಯೂ ಕ್ಯಾಲಿಪರನ್ನು ಕೂರಿಸುವ ತೂತುಗಳಿರಬೇಕು. ಎರಡನೆಯದಾಗಿ, ಹಬ್ಬಿನಲ್ಲಿ ತಟ್ಟೆ ಕೂರಲು ಆರು ಬೋಲ್ಟುಗಳ ಸ್ಥಾನವೋ ಹಲ್ಲುಗಳ ಪಟ್ಟಿಯೋ ಇರಬೇಕು. ಇಲ್ಲವಾದರೆ ಗಾಲಿಯನ್ನೇ ಬದಲಿಸಬೇಕಾದೀತು. ಮೂರನೆಯದಾಗಿ, ಎಷ್ಟೋ ಹಳೆಯ ಸೈಕಲ್ಲುಗಳಲ್ಲಿ ಬ್ರೇಕಿನ ಹಿಡಿಯೂ ಗೇರಿನ ಹಿಡಿಯೂ ಒಂದೇ ತುಂಡು. ಬ್ರೇಕು ತೆಗೆದರೆ ಗೇರಿಗೂ ಹೊಸ ಹಿಡಿ ಬೇಕು. ಮೊದಲೇ ವಯರಿನ ಡಿಸ್ಕ್ ಬ್ರೇಕು ಇರುವ ಸೈಕಲ್ಲಿಗೆ ಈ ತೊಂದರೆಗಳು ಬಹುಮಟ್ಟಿಗೆ ಇಲ್ಲ.

ತಟ್ಟೆ ದೊಡ್ಡದಾದಷ್ಟೂ ಹಿಡಿತ ಹೆಚ್ಚು. 160 ಮಿಲಿಮೀಟರಿನದನ್ನು ತೆಗೆದು 180ರದನ್ನು ಹಾಕಿದರೆ, ಅದೇ ಒತ್ತಿಗೆ ಎಂಟರಲ್ಲೊಂದು ಪಾಲು ಹೆಚ್ಚು ಬಲ ದೊರೆಯುತ್ತದೆ. ಆದರೆ ಫೋರ್ಕು ತಯಾರಿಸಿದವರು ವಿಧಿಸಿದ ಮಿತಿಯನ್ನು ಮೀರಲಾಗದು.

ಇನ್ನೊಂದು ಎಚ್ಚರಿಕೆ ಅತಿ ಮುಖ್ಯ. ಚೌಕಟ್ಟಿನಲ್ಲಿ ತೂತಿಲ್ಲವೆಂದು ವೆಲ್ಡಿಂಗ್ ಅಂಗಡಿಗೆ ಒಯ್ದು ತುಂಡೊಂದನ್ನು ಬೆಸೆಸುವ ಆಸೆ ಸಹಜ. ಆದರೆ ಅಲ್ಯೂಮಿನಿಯಂ ಚೌಕಟ್ಟು ಕಾರ್ಖಾನೆಯಲ್ಲಿ ಉಷ್ಣಸಂಸ್ಕಾರದಿಂದ ಪಡೆದ ಗಟ್ಟಿತನವನ್ನು ಬೆಸುಗೆಯ ಬೆಂಕಿಯಲ್ಲಿ ಕಳೆದುಕೊಳ್ಳುತ್ತದೆ. ಹೊಸ ಬ್ರೇಕಿನ ಬಲವೆಲ್ಲ ಆ ದುರ್ಬಲ ಜಾಗದ ಮೇಲೆಯೇ ಬೀಳುವುದು. ನಿಲ್ಲಿಸಲೆಂದು ಹಾಕಿದ್ದೇ ಬೀಳಿಸೀತು.

ದ್ರವದಲ್ಲಿಯೂ ಎರಡು ಜಾತಿ: ಕೆಲವು ಬ್ರೇಕುಗಳಿಗೆ ಖನಿಜ ತೈಲ, ಕೆಲವಕ್ಕೆ ಮೋಟಾರು ವಾಹನದ ಡಾಟ್ ದ್ರವ. ಒಂದರದನ್ನು ಇನ್ನೊಂದಕ್ಕೆ ಹಾಕಿದರೆ ಒಳಗಿನ ರಬ್ಬರು ಕೆಡುತ್ತದೆ. ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದರೆ ಹಿಡಿ ಮೆತ್ತಗಾಗಿ ಒಳಕ್ಕೆ ಹೋಗುತ್ತದೆ; ಗಾಳಿಯನ್ನು ಪೂರ್ಣವಾಗಿ ಹೊರಡಿಸಬೇಕು. ತಟ್ಟೆಗೂ ಪ್ಯಾಡಿಗೂ ಎಣ್ಣೆಯ ಹನಿಯೂ ತಗುಲಬಾರದು. ಹೊಸ ಬ್ರೇಕನ್ನು ಸಮತಟ್ಟಾದ, ವಾಹನಗಳಿಲ್ಲದ ಹಾದಿಯಲ್ಲಿ ಹತ್ತಿಪ್ಪತ್ತು ಬಾರಿ ಹದವಾಗಿ ಹಿಡಿದು ಪಳಗಿಸಿದ ಬಳಿಕವೇ ಇಳಿಜಾರಿಗೆ ಹೋಗಬೇಕು.

ಆದ್ದರಿಂದ ತಂದೆಯ ಉತ್ತರ ಸೈಕಲ್ಲನ್ನು ನೋಡಿದ ಮೇಲಿನದಾಗಿರಬೇಕು. ಸ್ಥಾನಗಳಿದ್ದರೆ ಧಾರಾಳವಾಗಿ ಹಾಕಿಸಲಿ. ಇಲ್ಲದಿದ್ದರೆ ಹೊಸ ರಬ್ಬರು, ಹೊಸ ವಯರು ಹಾಕಿಸಿ, ರಿಮ್ಮನ್ನು ಶುಚಿಯಾಗಿಟ್ಟು, ಉಳಿದ ಹಣವನ್ನು ಮುಂದಿನ ಸೈಕಲ್ಲಿಗೆ ಕೂಡಿಡಲಿ. ಮಳೆಯ ಸಂಜೆ, ಎರೆಯ ಹಾದಿಯಿಂದ ಮಗ ಮರಳುವುದನ್ನು ಬಾಗಿಲಲ್ಲಿ ನಿಂತು ನೋಡುವ ತಾಯಿಗೆ ಬೇಕಾದದ್ದು ಬ್ರೇಕಿನ ಹೊಸತನವಲ್ಲ, ಅದರ ನೆಚ್ಚಿಕೆ.