ಸಿಪ್ಪೆ ಸುಲಿಯಲು ಬಂದ ಲೇಸರ್

ಸೀಸದ ಪರಮಾಣುವಿಗೆ 82 ಎಲೆಕ್ಟ್ರಾನುಗಳ ಹೊದಿಕೆ. ಅಷ್ಟೂ ಮೈಮೇಲಿರುವತನಕ, ಕಣಗಳನ್ನು ಓಡಿಸುವ ಯಾವ ವೇಗವರ್ಧಕಕ್ಕೂ ಅದು ಜಗ್ಗದು. ಒಂದು ಕಳಚಿದರೆ ವಿದ್ಯುತ್ ಕ್ಷೇತ್ರದ ಹಿಡಿತಕ್ಕೆ ಸಿಗುತ್ತದೆ. ಹತ್ತು ಕಳಚಿದರೆ ಅದೇ ವೋಲ್ಟೇಜಿಗೆ ಹತ್ತು ಪಟ್ಟು ಶಕ್ತಿ ಗಳಿಸುತ್ತದೆ. ಓಡಿಸುವ ಮಾತು ಆಮೇಲೆ, ಮೊದಲು ಸಿಪ್ಪೆ ಸುಲಿಯಬೇಕು.

ಅಮೆರಿಕದ ಥಿಯೋಡರ್ ಮೈಮನ್ 1960ರ ಮೇ ತಿಂಗಳಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದ. ಮೂರೇ ವರ್ಷಕ್ಕೆ, ಲೇಸರ್ ಬಿದ್ದ ಲೋಹದಿಂದ ಅಯಾನುಗಳು, ಅಂದರೆ ಎಲೆಕ್ಟ್ರಾನು ಕಳಚಿದ ಪರಮಾಣುಗಳು, ಚಿಮ್ಮುವುದನ್ನು ವಿಜ್ಞಾನಿಗಳು ಅಳೆದಿದ್ದರು. 1969ರಲ್ಲಿ ಬ್ರಿಟನ್ನಿನ ಕಲ್ಹ್ಯಾಮ್ ಪ್ರಯೋಗಾಲಯದ ಪೀಕಾಕ್ ಮತ್ತು ಪೀಸ್ ಒಂದು ಕಡೆ, ಮಾಸ್ಕೋದಲ್ಲಿ ಬೈಕೋವ್ಸ್ಕಿಯ ತಂಡ ಇನ್ನೊಂದು ಕಡೆ, ಇದನ್ನೇ ವೇಗವರ್ಧಕದ ಬಾಯಿಗೆ ಹಿಡಿಯಬಾರದೇಕೆ ಎಂದು ಕೇಳಿದರು.

ಕೆಲಸ ನೋಡಲು ಸರಳ. ನಿರ್ವಾತದಲ್ಲಿ ಒಂದು ಲೋಹದ ತುಂಡು, ಅದರ ಮೇಲೆ ಒಂದು ಚುಕ್ಕೆಯಷ್ಟು ಜಾಗಕ್ಕೆ ಕೂಡಿಸಿದ ಲೇಸರ್ ಮಿಂಚು. ಕಣ್ಣು ಮಿಟುಕಿಸುವುದಕ್ಕೆ ಎಷ್ಟೋ ಮೊದಲೇ ಅಲ್ಲಿನ ಪದಾರ್ಥ ಲಕ್ಷಾಂತರ ಡಿಗ್ರಿಯ ಪ್ಲಾಸ್ಮಾ ಆಗುತ್ತದೆ. ಕಾದ ಎಲೆಕ್ಟ್ರಾನುಗಳು ಪರಮಾಣುಗಳಿಗೆ ಗುದ್ದಿ ಗುದ್ದಿ ಇನ್ನಷ್ಟು ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತವೆ. ಬೆಳಕು ಓರೆಯಾಗಿ ಬಿದ್ದರೂ ಪ್ಲಾಸ್ಮಾ ಮಾತ್ರ ಲೋಹದ ಮೈಯಿಂದ ನೆಟ್ಟಗೆ ಹಾರುತ್ತದೆ. ಎಂಜಿನಿಯರುಗಳ ಪುಣ್ಯ!

1970ರ ದಶಕದಲ್ಲಿ ರಷ್ಯಾದ ದುಬ್ನಾದ ವಿಜ್ಞಾನಿಗಳು ಇದನ್ನು ಮಾಡಿಯೇ ತೋರಿಸಿದರು. 1957ರಿಂದ ಓಡುತ್ತಿದ್ದ ಅಲ್ಲಿನ ದೈತ್ಯ ವೇಗವರ್ಧಕ ಸಿಂಕ್ರೊಫೇಸೋಟ್ರಾನಿಗೆ ಲೇಸರ್ ಮೂಲದಿಂದ ಹಗುರ ಧಾತುಗಳ ಅಯಾನುಗಳನ್ನು ಉಣಿಸಿದರು.

ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ಗೆ ಬೇಕಾಗಿದ್ದದ್ದು ಸೀಸ. ತಮ್ಮ ದೈತ್ಯ ಡಿಕ್ಕಿಯಂತ್ರ ಎಲ್‌ಎಚ್‌ಸಿಗಾಗಿ ಅಲ್ಲಿನವರು ಮಾಸ್ಕೋ ಮತ್ತು ಟ್ರಾಯ್ಟ್ಸ್ಕ್‌ನ ತಜ್ಞರ ಜೊತೆಗೂಡಿ 100 ಜೂಲ್‌ನ ಇಂಗಾಲದ ಡೈಆಕ್ಸೈಡ್ ಲೇಸರ್ ಕಟ್ಟಲು ಹೊರಟರು. ಸೆಕೆಂಡಿಗೊಂದು ಹೊಡೆತ, ಪ್ರತಿ ಹೊಡೆತಕ್ಕೂ 25 ಎಲೆಕ್ಟ್ರಾನು ಕಳೆದುಕೊಂಡ ಸೀಸದ ಒಂದು ಗುಂಪು, ಇದು ಲೆಕ್ಕ. ಲೇಸರಿನ ತೊಂದರೆ ಎದ್ದು ಕಂಡದ್ದು ಇಲ್ಲೇ. ಪ್ರತಿ ಹೊಡೆತವೂ ಲೋಹದಲ್ಲಿ ಕುಳಿ ತೋಡುತ್ತದೆ, ಮುಂದಿನದು ಹಿಂದಿನದರಂತೆ ಇರುವುದಿಲ್ಲ. ವೇಗವರ್ಧಕ ಬಯಸುವುದು ದಿನಗಟ್ಟಲೆ ಒಂದೇ ತೆರನಾದ ಊಟ. ಕೊನೆಗೆ ಆಯ್ಕೆಯಾದದ್ದು ಪ್ಲಾಸ್ಮಾವನ್ನು ಅಯಸ್ಕಾಂತದ ಬೋನಿನಲ್ಲಿ ಕೂಡಿಹಾಕಿ ಮೈಕ್ರೋವೇವಿನಿಂದ ಕಾಯಿಸುವ ಬೇರೆಯೇ ಮೂಲ. 2010ರಲ್ಲಿ ಎಲ್‌ಎಚ್‌ಸಿಯಲ್ಲಿ ಸೀಸಕ್ಕೆ ಸೀಸ ಡಿಕ್ಕಿ ಹೊಡೆದದ್ದು ಅದರ ಬಲದಿಂದ.

ಇನ್ನೊಂದು ಕಗ್ಗಂಟಿಗೆ ಉತ್ತರ ಬಂದದ್ದು ಜಪಾನಿನಿಂದ. ಧನ ಆವೇಶದ ಅಯಾನುಗಳು ಒಂದನ್ನೊಂದು ತಳ್ಳುತ್ತವೆ. ಪ್ಲಾಸ್ಮಾದಿಂದ ಹೊರಗೆಳೆದು ಕೊಳವೆಯಲ್ಲಿ ಸಾಗಿಸುವಷ್ಟರಲ್ಲಿ ದೂಲ ಊದಿಕೊಂಡು ಗೋಡೆ ಪಾಲು. ಅಲ್ಲಿನ ವಿಜ್ಞಾನಿ ಮಸಾಹಿರೊ ಒಕಾಮುರಾ 2000ದ ಆಸುಪಾಸಿನಲ್ಲಿ ಹೇಳಿದ್ದಿಷ್ಟು: ಹೊರಗೆಳೆಯುವ ಅವಸರವೇಕೆ? ಪ್ಲಾಸ್ಮಾದೊಳಗೆ ಎಲೆಕ್ಟ್ರಾನುಗಳೂ ಜೊತೆಗಿರುವುದರಿಂದ ಜಗಳವಿಲ್ಲ. ಅದು ವೇಗವರ್ಧಕದ ಹೊಸ್ತಿಲತನಕ ಹಾಗೇ ಹಾರಿ ಬರಲಿ, ಬೇರ್ಪಡಿಸುವುದು ಅಲ್ಲಿಯೇ ಆಗಲಿ. ನನಗೆ ಇಡೀ ಕಥೆಯಲ್ಲಿ ಅತಿ ಚೆಂದ ಕಾಣುವುದು ಇದೇ. ಒಂದು ಕೊಳವೆಸಾಲನ್ನೇ ಕಿತ್ತೆಸೆದರು. ಇಂಗಾಲದ ದೂಲ ಹತ್ತಾರು ಮಿಲಿಆಂಪಿಯರಿಗೆ ಏರಿತು.

ಮುಂದೆ ಒಕಾಮುರಾ ಅಮೆರಿಕದ ಬ್ರುಕ್‌ಹೇವನ್ ಪ್ರಯೋಗಾಲಯ ಸೇರಿದರು. ಅಲ್ಲಿ 2014ರಲ್ಲಿ ಕೆಲಸಕ್ಕಿಳಿದ ಲೇಸರ್ ಮೂಲದ ಹೆಸರು ‘ಲಯನ್’. ತಮಾಷೆ ನೋಡಿ: ಅದು ಬೇಕೆಂದೇ ಮೆಲ್ಲಗೆ ಹೊಡೆದು, ಒಂದೇ ಎಲೆಕ್ಟ್ರಾನು ಕಳಚಿದ ಅಯಾನುಗಳನ್ನು ಕೊಡುತ್ತದೆ. ಉಳಿದ ಸಿಪ್ಪೆ ಸುಲಿಯುವುದು ಪಕ್ಕದ ಇನ್ನೊಂದು ಯಂತ್ರದ ಪಾಲು. ಲೇಸರಿನ ಲಾಭವಿರುವುದು ಬೇರೆ ಕಡೆ. ಲೋಹದ ತುಂಡನ್ನು ಸರಿಸಿದರೆ ಸಾಕು, ಕಬ್ಬಿಣ ಹೋಗಿ ಚಿನ್ನ ಬರುತ್ತದೆ. ಅಲ್ಲಿಯೇ ಇರುವ ನಾಸಾದ ವಿಕಿರಣ ಪ್ರಯೋಗಾಲಯಕ್ಕೆ ಬೇಕಾದದ್ದೂ ಅದೇ. ಗಗನಯಾತ್ರಿಗಳ ಮೈಮೇಲೆ ಬೀಳುವ ಕಾಸ್ಮಿಕ್ ಕಿರಣಗಳಲ್ಲಿ ಬಗೆಬಗೆಯ ಧಾತುಗಳಿರುತ್ತವೆ, ಅವನ್ನು ಭೂಮಿಯಲ್ಲಿ ಅನುಕರಿಸುವಾಗ ಧಾತುವನ್ನು ಪದೇಪದೇ ಬದಲಿಸಬೇಕು.

ಸರ್ನ್‌ನ ಸೀಸಕ್ಕೆ ಮಾತ್ರ ಈಗಲೂ ಮೈಕ್ರೋವೇವೇ ಗತಿ.