ಮೇಂಟೆನೆನ್ಸ್ ಬಾಕಿ: ಮುನಿಸಿಗಿಂತ ಲೆಕ್ಕ ಮೇಲು

ಸೋಲಾಪುರ: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಗ ಅದಕ್ಕೆ ಇನ್ನೊಂದು ಮಾತು ಸೇರಿಸಬೇಕಾಗಿದೆ: ಫ್ಲ್ಯಾಟ್ ತಗೊಂಡು ಮೇಂಟೆನೆನ್ಸ್ ಕಟ್ಟಿ ನೋಡು!

ನಗರದ ಹೊಸ ಬಡಾವಣೆಯೊಂದರಲ್ಲಿ ನಾಲ್ಕಂತಸ್ತಿನ ಕಟ್ಟಡ. ಒಟ್ಟು 16 ಮನೆ. ತುದಿಯ ಅಂತಸ್ತಿನಲ್ಲಿ ಕನ್ನಡ ಶಾಲೆಯ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಒಂದು ಬೆಳಿಗ್ಗೆ ಅವರ ಬಾಗಿಲಿಗೆ ಸೊಸೈಟಿಯ ನೋಟಿಸು ಬಂತು. ಇಡೀ ನೋಟಿಸು ಮರಾಠಿಯಲ್ಲಿ. ಅವರಿಗೆ ಬಜಾರದ ಮರಾಠಿ ಚೆನ್ನಾಗಿ ಬರುತ್ತದೆ, ಕಚೇರಿಯ ಮರಾಠಿ ಬರುವುದಿಲ್ಲ. ತಿಳಿದದ್ದು ಎರಡೇ. ಒಂದು, 'ಥಕಬಾಕಿ' ಎಂಬ ಪದ. ಇನ್ನೊಂದು, ಅದರ ಮುಂದಿದ್ದ 58,546 ರೂಪಾಯಿ.

'ಪಿಂಚಣಿ ಮ್ಯಾಲೆ ಬದುಕೋರು ನಾವು. ರೊಕ್ಕ ಕೊಡಾಂಗಿಲ್ಲ ಅಂತ ನಾ ಎಂದೂ ಅಂದಿಲ್ರಿ. ಮಳಿ ಬಂದ್ರ ನಮ್ಮ ಮಾಳಿಗಿ ಸೋರತದ. ಅದನ್ನ ರಿಪೇರಿ ಮಾಡ್ರಿ, ಆಮ್ಯಾಲೆ ಕೊಡ್ತೀನಿ ಅಂದೆ. ಎರಡು ವರ್ಷ ಆತು, ಅವರೂ ಮಾಡ್ಲಿಲ್ಲ, ನಾನೂ ಕೊಡ್ಲಿಲ್ಲ' ಎನ್ನುತ್ತಾರೆ ಅವರು.

ಸೊಸೈಟಿಯ ಕಾರ್ಯದರ್ಶಿಯದು ಬೇರೆಯೇ ಗೋಳು. 'ಅಕ್ಕೋರು ಅಂದ್ರ ನಮಗೂ ಮರ್ಯಾದಿ ಅದರಿ. ಆದ್ರ ತಿಂಗಳಿಗೆ ಬರಬೇಕಾದದ್ದು 24 ಸಾವಿರ. ನಾಲ್ಕು ಮನಿಯವರು ಕೊಡಲಿಲ್ಲ ಅಂದ್ರ ಕೈಗೆ ಬರೋದು 18 ಸಾವಿರ. ಲಿಫ್ಟಿನ ಬಿಲ್ಲು, ಮೋಟರಿನ ಬಿಲ್ಲು, ಕಸ ಹೊಡಿಯವರ ಪಗಾರ ಕಟ್ಟಿದ ಮ್ಯಾಲೆ ಮಾಳಿಗಿ ರಿಪೇರಿಗೆ ಎಲ್ಲಿಂದ ತರೂಣು?' ಎಂಬುದು ಅವರ ಪ್ರಶ್ನೆ.

ಹೆಸರು ಹಾಕಬೇಡಿ ಎಂದರು ಇಬ್ಬರೂ. ಒಂದೇ ಮೆಟ್ಟಿಲು ಹತ್ತಿ ಇಳಿಯುವವರು ತಾನೇ!

ಇದು ಒಂದು ಕಟ್ಟಡದ ಕಥೆಯಲ್ಲ. ವಾಡೆ, ಚಾಳು, ಗಿರಣಿ ಕಾರ್ಮಿಕರ ಸಾಲುಮನೆಗಳ ಊರಾಗಿದ್ದ ಸೋಲಾಪುರ ಈಗ ಫ್ಲ್ಯಾಟುಗಳ ಊರೂ ಆಗಿದೆ. ವರ್ಷಗಟ್ಟಲೆ ನಳದ ನೀರಿಗೆ ನಾಲ್ಕೈದು ದಿನ ಕಾದ ಊರಿದು. ಇಲ್ಲಿ ಟಾಕಿ, ಮೋಟರು, ಟ್ಯಾಂಕರುಗಳ ಖರ್ಚಿಲ್ಲದೆ ಯಾವ ಕಟ್ಟಡವೂ ನಡೆಯದು. 2024ರ ಜನವರಿಯಲ್ಲಿ ಕುಂಭಾರಿಯ ರೇ ನಗರದಲ್ಲಿ ಬೀಡಿ, ಮಗ್ಗ ಮತ್ತಿತರ ಅಸಂಘಟಿತ ಕಾರ್ಮಿಕರಿಗೆ 15 ಸಾವಿರ ಮನೆಗಳ ಹಸ್ತಾಂತರವಾಯಿತು. ಸ್ವಂತ ಮನೆಯ ಕನಸು ನನಸಾದ ಮೇಲೂ ಹಂಚಿಕೊಂಡು ಹೊರಬೇಕಾದ ಖರ್ಚು ತಪ್ಪುವುದಿಲ್ಲ ಎಂಬುದನ್ನು ಬಹಳ ಮಂದಿ ಮೊದಲ ಸಲ ಕಲಿಯುತ್ತಿದ್ದಾರೆ.

ಸೊಸೈಟಿಯೋ, ಅಪಾರ್ಟ್‌ಮೆಂಟೋ?

ಮೊದಲು ನೋಡಬೇಕಾದದ್ದು ಕಟ್ಟಡದ ಬೋರ್ಡು. ಮಹಾರಾಷ್ಟ್ರದಲ್ಲಿ ಕೆಲವು ಕಟ್ಟಡಗಳು 1960ರ ಸಹಕಾರ ಸಂಘಗಳ ಕಾಯ್ದೆಯಡಿ ಗೃಹನಿರ್ಮಾಣ ಸೊಸೈಟಿಗಳಾಗಿವೆ. ಇನ್ನು ಕೆಲವು 1970ರ ಅಪಾರ್ಟ್‌ಮೆಂಟ್ ಕಾಯ್ದೆಯಡಿ ಬರುತ್ತವೆ. ವಸೂಲಿಯ ದಾರಿ ಎರಡಕ್ಕೂ ಒಂದೇ ಅಲ್ಲ. ಕರ್ನಾಟಕದಲ್ಲಿ 1972ರ ಅಪಾರ್ಟ್‌ಮೆಂಟ್ ಕಾಯ್ದೆಯ ಸಂಘಗಳಿವೆ. ಹಾಗಾಗಿ 'ಬೆಂಗಳೂರಾಗ ಹಿಂಗ ಇಲ್ಲಪ್ಪಾ' ಎಂದು ಮಗ ಫೋನಿನಲ್ಲಿ ಹೇಳಿದ್ದು ಇಲ್ಲಿ ನಡೆಯಲಿಕ್ಕಿಲ್ಲ. ಮುಂದೆ ಹೇಳುವುದು ನೋಂದಾಯಿತ ಸೊಸೈಟಿಗಳ ಮಾತು.

ಸೊಸೈಟಿಗಳಿಗೆ ಸರ್ಕಾರದ ಮಾದರಿ ಉಪವಿಧಿಗಳಿವೆ. ಬಿಲ್ಲಿನಲ್ಲಿ ಏನೇನು ಇರಬೇಕು, ಹೇಗೆ ಹಂಚಬೇಕು ಎಂಬುದೆಲ್ಲ ಅದರಲ್ಲಿದೆ. ಸೇವಾ ಶುಲ್ಕ ಎಲ್ಲ ಮನೆಗಳಿಗೂ ಸಮಪಾಲು. ಮನೆ ದೊಡ್ಡದಿದ್ದರೆ ಹೆಚ್ಚು, ಸಣ್ಣದಿದ್ದರೆ ಕಡಿಮೆ ಎಂದಿಲ್ಲ. ಲಿಫ್ಟಿನ ಖರ್ಚೂ ಅಷ್ಟೇ, ಕೆಳಗಿನ ಮನೆಯವರು ಹತ್ತದಿದ್ದರೂ ಪಾಲು ತಪ್ಪದು. ನೀರಿನ ಹಣ ನಳಗಳ ಲೆಕ್ಕದ ಮೇಲೆ. ದುರಸ್ತಿ ನಿಧಿಗೆ ಮನೆಯ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ 0.75, ಸಿಂಕಿಂಗ್ ಫಂಡಿಗೆ ಕನಿಷ್ಠ ಶೇ 0.25.

ಮನೆ ಬಾಡಿಗೆಗೆ ಕೊಟ್ಟು ಪುಣೆಯಲ್ಲಿದ್ದೀರಾ? ವಾಸವಿಲ್ಲದ್ದಕ್ಕೆ ಸೊಸೈಟಿ ಹೆಚ್ಚುವರಿ ಹಣ ಹಾಕಬಹುದು. ಆದರೆ 2001ರ ಆಗಸ್ಟ್ 1ರ ಸರ್ಕಾರಿ ಆದೇಶದಂತೆ ಅದು ಸೇವಾ ಶುಲ್ಕದ ಶೇ 10 ಮೀರುವಂತಿಲ್ಲ. ಮನೆಯಲ್ಲಿ ತಂದೆತಾಯಿಯೋ ಮಗಳೋ ಇದ್ದರೆ ಅದನ್ನೂ ಹಾಕುವಂತಿಲ್ಲ.

58 ಸಾವಿರ ಆದದ್ದು ಹೇಗೆ?

ಶಿಕ್ಷಕಿಯ ಮನೆಯ ಮೇಂಟೆನೆನ್ಸ್ ತಿಂಗಳಿಗೆ 1,500 ರೂಪಾಯಿ. 24 ತಿಂಗಳಿಗೆ ಅಸಲು 36,000. ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಸಂಬಂಧಿಕರೊಬ್ಬರು ನೋಟಿಸನ್ನು ಓದಿ ಹೇಳಿದರು. ತಿಂಗಳಿಗೆ ಶೇ 2ರಂತೆ ಚಕ್ರಬಡ್ಡಿ 10,546. ತಿಂಗಳಿಗೆ 500ರಂತೆ ದಂಡ 12,000. ಒಟ್ಟು 58,546.

2014ರ ಮಾದರಿ ಉಪವಿಧಿಗಳ ಪ್ರಕಾರ ಬಾಕಿಯ ಮೇಲಿನ ಬಡ್ಡಿ ವರ್ಷಕ್ಕೆ ಗರಿಷ್ಠ ಶೇ 21. ಅದೂ ಸರಳ ಬಡ್ಡಿ, ಬಡ್ಡಿಯ ಮೇಲೆ ಬಡ್ಡಿ ಇಲ್ಲ. ದರವನ್ನು ಸರ್ವಸದಸ್ಯರ ಸಭೆ ಗೊತ್ತುಮಾಡಬೇಕು. ಶೇ 21 ಎಂದೇ ಹಿಡಿದರೂ 1,500ಕ್ಕೆ ತಿಂಗಳಿಗೆ ಬಡ್ಡಿ 26 ರೂಪಾಯಿ 25 ಪೈಸೆ. ಮೊದಲ ತಿಂಗಳ ಬಿಲ್ಲಿಗೆ 24 ತಿಂಗಳ ಬಡ್ಡಿ, ಎರಡನೆಯದಕ್ಕೆ 23, ಹೀಗೆ ಕೊನೆಯದಕ್ಕೆ ಒಂದು. ಕೂಡಿದರೆ 300 ತಿಂಗಳು, ಅಂದರೆ 7,875 ರೂಪಾಯಿ. ಅಸಲು ಸೇರಿ 43,875. ನೋಟಿಸಿಗೂ ಇದಕ್ಕೂ ಅಂತರ 14,671!

ದಂಡಕ್ಕೆ ಸಭೆಯ ಠರಾವು ಇತ್ತೇ ಎಂದು ಕೇಳಿದಾಗ ಕಾರ್ಯದರ್ಶಿ ಕಡತ ಹುಡುಕಿದರು. ಸಿಗಲಿಲ್ಲ. 'ಹಿಂದಿನ ಕಮಿಟಿಯವರು ಹಾಕ್ಕೋತ ಬಂದಿದ್ರು, ನಾವೂ ಹಾಕಿದ್ವಿ' ಎಂದರು.

ಮುನಿಸಿಕೊಂಡರೆ ಏನಾಗುತ್ತದೆ?

ಹಾಗೆಂದು ಶಿಕ್ಷಕಿ ಮಾಡಿದ್ದು ಸರಿ ಎನ್ನುವಂತಿಲ್ಲ. ಮಾಳಿಗೆಯಿಂದ ಇಳಿಯುವ ಮಳೆನೀರು, ಹೊರಗಿನ ಸಾಮಾನ್ಯ ಪೈಪಿನ ಸೋರಿಕೆ ಇವೆಲ್ಲ ಸೊಸೈಟಿಯ ಖರ್ಚಿನಲ್ಲೇ ದುರಸ್ತಿಯಾಗಬೇಕು. ಅದರಲ್ಲಿ ಅನುಮಾನವಿಲ್ಲ. (ಬಚ್ಚಲು, ಸಿಂಕಿನ ಒಳಸೋರಿಕೆ ಮಾತ್ರ ಮನೆಯವರದು.) ಆದರೆ ಆ ಸಿಟ್ಟಿಗೆ ಮೇಂಟೆನೆನ್ಸ್ ತಡೆಹಿಡಿದರೆ ದೂರು ಕೊಡಬೇಕಾದವರೇ ಬಾಕಿದಾರರಾಗುತ್ತಾರೆ.

ನೋಟಿಸು ಮುಟ್ಟಿ ಮೂರು ತಿಂಗಳಾದರೂ ಕಟ್ಟದವರನ್ನು ಕಾಯ್ದೆ ಸುಸ್ತಿದಾರ ಎನ್ನುತ್ತದೆ. ಅಂಥವರು ಆಡಳಿತ ಮಂಡಳಿಯಲ್ಲಿ ಇರುವಂತಿಲ್ಲ. ನಂತರ ಸೊಸೈಟಿ ಖಾತೆ ಉತಾರೆ, ಠರಾವು ಹಿಡಿದುಕೊಂಡು ಸಹಕಾರ ಉಪನಿಬಂಧಕರ ಕಚೇರಿಗೆ ಅರ್ಜಿ ಹಾಕಬಹುದು. ಮೊದಲು ಇದು ಕಾಯ್ದೆಯ 101ನೇ ಕಲಮಿನಲ್ಲಿತ್ತು. 2019ರ ತಿದ್ದುಪಡಿಯ ನಂತರ ಗೃಹನಿರ್ಮಾಣ ಸೊಸೈಟಿಗಳಿಗೆಂದೇ 154ಬಿ-29ನೇ ಕಲಮು ಬಂದಿದೆ. ವಿಚಾರಣೆ ಮುಗಿದು 'ವಸೂಲಿ ದಾಖಲಾ' ಹೊರಟರೆ ಮುಗಿಯಿತು. ಭೂಕಂದಾಯದ ಬಾಕಿಯಂತೆ ವಸೂಲಿ, ಜಪ್ತಿ, ಕೊನೆಗೆ ಹರಾಜಿನವರೆಗೂ ಹೋಗಬಹುದು. ಅದರ ವಿರುದ್ಧ ಮೇಲಿನ ಅಧಿಕಾರಿಗೆ ಪುನರ್ವಿಮರ್ಶೆಗೆ ಹೋಗಬೇಕೆಂದರೂ ಬಾಕಿಯ ಅರ್ಧದಷ್ಟು ಹಣ ಮೊದಲು ತುಂಬಬೇಕು.

ಆದ್ದರಿಂದ ಮಾತಾಡಬೇಕಾದದ್ದು ವಿಚಾರಣೆಯ ಹೊತ್ತಿಗೆ. ಎಷ್ಟೋ ಜನ ಮರಾಠಿ ಕಾಗದ ನೋಡಿ ಹೆದರಿ, ಇಲ್ಲವೇ 'ಏನ್ ಮಾಡ್ತಾರ ನೋಡೂಣು' ಎಂದು ಅಲಮಾರಿನಲ್ಲಿಟ್ಟು ಬಿಡುತ್ತಾರೆ. ತಾರೀಖಿಗೆ ಹೋಗದಿದ್ದರೆ ಸೊಸೈಟಿ ಬರೆದ ಲೆಕ್ಕವೇ ಕೊನೆಯ ಲೆಕ್ಕವಾದೀತು. ನೋಟಿಸು ಓದಲು ಬಾರದಿದ್ದರೆ ಬರುವವರಿಂದ ಅದೇ ದಿನ ಓದಿಸಿಕೊಳ್ಳಿ.

ಸೊಸೈಟಿಯವರಿಗೂ ಒಂದು ಮಾತು. ಬಾಕಿ ಇದೆ ಎಂದು ನೀರು ಕಡಿಯುವ ಅಧಿಕಾರವನ್ನು ಉಪವಿಧಿ ಕೊಟ್ಟಿಲ್ಲ. ಕಾಯ್ದೆಯ ದಾರಿ ಇರುವಾಗ ನಳಕ್ಕೆ ಕೈ ಹಾಕಿದರೆ ದೂರು ತಿರುಗಿ ನಿಮ್ಮ ಮೇಲೆಯೇ ಬಂದೀತು.

ಸದಸ್ಯರು ಮಾಡಬೇಕಾದ್ದೇನು?

* ತಿಂಗಳಾವಾರು ಖಾತೆ ಉತಾರೆಯನ್ನು ಬರೆದು ಕೇಳಿ. ಅಸಲು, ಬಡ್ಡಿ, ಇತರೆ ಬೇರೆ ಬೇರೆ ಇರಲಿ. ತಮ್ಮ ಖಾತೆಯ ಲೆಕ್ಕ ನೋಡುವ ಹಕ್ಕು ಸದಸ್ಯರಿಗೆ ಕಾಯ್ದೆಯಲ್ಲೇ ಇದೆ.

* ತಕರಾರಿಲ್ಲದ ಅಸಲನ್ನು ಮೊದಲು ಕಟ್ಟಿಬಿಡಿ. ಬಡ್ಡಿ ಅಲ್ಲಿಗೆ ನಿಲ್ಲುತ್ತದೆ. ಚೆಕ್ಕಿನ ಜೊತೆ 'ಬಡ್ಡಿ, ದಂಡದ ಬಗ್ಗೆ ತಕರಾರು ಇದೆ' ಎಂದು ಪತ್ರ ಕೊಟ್ಟು ನಕಲಿನ ಮೇಲೆ ಸಹಿ ಪಡೆಯಿರಿ. ನಗದು ಕೊಟ್ಟರೆ ಪಾವತಿ ಇಲ್ಲದೆ ಎದ್ದು ಬರಬೇಡಿ.

* ಒಮ್ಮೆಲೇ ಆಗದಿದ್ದರೆ ಕಂತು ಕೇಳಿ, ಒಪ್ಪಿದ್ದನ್ನು ಕಾಗದದ ಮೇಲೆ ತನ್ನಿ.

* ಸೋರಿಕೆಯ ದೂರು ಬೇರೆ ಪತ್ರದಲ್ಲಿ, ಫೋಟೋ ಸಮೇತ ಇರಲಿ. ಬಾಕಿಯ ಜೊತೆ ಕೂಡಿಸಬೇಡಿ.

* ವಾರ್ಷಿಕ ಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ಆಗಬೇಕು. ಅಲ್ಲಿಗೆ ಹೋಗಿ ಲೆಕ್ಕ ಕೇಳಿ. ಗ್ಯಾಲರಿಯಲ್ಲಿ ನಿಂತು ಬೈದರೆ ಠರಾವು ಆಗುವುದಿಲ್ಲ.

* ಹಳೆಯ ಫ್ಲ್ಯಾಟ್ ಕೊಳ್ಳುವವರು ಬಾಕಿ ಇಲ್ಲವೆಂಬ ದಾಖಲೆ ಸೊಸೈಟಿಯಿಂದ ಪಡೆದೇ ಮುಂದುವರಿಯಿರಿ. ಇಲ್ಲದಿದ್ದರೆ ಹಿಂದಿನವರ ಥಕಬಾಕಿ ಕೀಲಿಕೈ ಜೊತೆಗೇ ಬಂದೀತು.

ಮಾಳಿಗೆ ಸೋರುವುದು ನಿಂತಿತೇ?

ಕೊನೆಗೆ ಒಂದು ಭಾನುವಾರ ಕಾರ್ಯದರ್ಶಿಯ ಮನೆಯಲ್ಲಿ ಚಹಾ ಇಟ್ಟುಕೊಂಡು ಲೆಕ್ಕ ಕೂಡಿಸಿದರು. ದಂಡ ಕೈಬಿಟ್ಟರು. ಚಕ್ರಬಡ್ಡಿ ಹೋಗಿ ಸರಳ ಬಡ್ಡಿ ಬಂತು. 36,000 ರೂಪಾಯಿ ಒಂದೇ ಚೆಕ್ಕಿನಲ್ಲಿ, ಬಡ್ಡಿ ಆರು ಕಂತಿನಲ್ಲಿ ಎಂದು ಬರೆದುಕೊಂಡರು. ಅದನ್ನು ನೋಡಿ ಉಳಿದ ಮೂವರಲ್ಲಿ ಇಬ್ಬರು ತಾವಾಗಿಯೇ ಬಂದು ಲೆಕ್ಕ ಕೇಳಿದರಂತೆ. ಆ ಹಣದಲ್ಲಿ ಮಾಳಿಗೆಗೆ ವಾಟರ್‌ಪ್ರೂಫಿಂಗ್ ಆಯಿತು.

'ಈ ಮಳಿಗಾಲದಾಗ ಬಕೇಟು ಇಡಲಿಲ್ಲ ನೋಡ್ರಿ' ಎಂದು ಶಿಕ್ಷಕಿ ಛಾವಣಿ ತೋರಿಸುತ್ತಾರೆ. ಹಳೆಯ ಕಲೆ ಇನ್ನೂ ಇದೆ. 'ಎರಡು ವರ್ಷದ ಹಿಂದನ ಕೂತು ಮಾತಾಡಿದ್ರ ಬಡ್ಡೀನೂ ಉಳೀತಿತ್ತು, ಮಾತೂ ಉಳೀತಿತ್ತು' ಎನ್ನುವಾಗ ಅವರ ದನಿ ಸಣ್ಣಗಾಯಿತು. ಪಕ್ಕದ ಮನೆಯವರು ಇನ್ನೂ ಸರಿಯಾಗಿ ಮಾತಾಡಿಸುತ್ತಿಲ್ಲವಂತೆ.

ನಿಮ್ಮ ಮನೆಯ ಬಿಲ್ಲು ಎಲ್ಲಿದೆ? ಒಮ್ಮೆ ತೆಗೆದು ನೋಡಿ.